ಕೊಟ್ಟಿಗೆಯಿಂದ ಬಂದ ಕರೆ

ಕನ್ನೊಳ್ಳಿಯಲ್ಲಿ ರೊಟ್ಟಿ ಬಡಿಯುವ ಹೊತ್ತಿಗೆ ಓಣಿಯ ಮನೆಮನೆಯಿಂದಲೂ ತಟತಟ ಸದ್ದು ಕೇಳುತ್ತದೆ. ಆ ಸದ್ದಿನ ನಡುವೆ ರೇವಣಪ್ಪನ ಮನೆಯೊಂದು ಮಾತ್ರ ಬಾಯಿ ಮುಚ್ಚಿಕೊಂಡು ಕೂತಿರುತ್ತಿತ್ತು. ಒಳಗೆ ಯಾರೂ ಜಗಳವಾಡಿರಲಿಲ್ಲ, ಯಾರೂ ಸತ್ತಿರಲಿಲ್ಲ. ಸೊಸೆ ಸುನೀತಾ ಮನೆಯಲ್ಲೇ ಕುಳಿತು ನೌಕರಿ ಮಾಡುತ್ತಿದ್ದಳು, ಅಷ್ಟೇ.

ನೌಕರಿ ಹೊಸದಲ್ಲ. ದನಗಳ ಹಿಂಡಿ ಮಾರುವ ಕಂಪನಿಯೊಂದು ಸಿಂದಗಿಯಲ್ಲಿ ಸಹಾಯವಾಣಿ ಕಚೇರಿ ಇಟ್ಟಿತ್ತು. ಎಮ್ಮೆ ಹಾಲು ಕಡಿಮೆ ಮಾಡಿದೆ, ಕರು ಮೇವು ಬಿಟ್ಟಿದೆ ಎಂದು ರೈತರು ಫೋನ್ ಮಾಡಿದರೆ ಸುನೀತಾ ಪುಸ್ತಕದ ಕನ್ನಡದಲ್ಲಿ ವಿಚಾರಿಸಿ, ಮೊದಲ ಆರೈಕೆ ಹೇಳಿ, ಬೇಕಾದರೆ ಪಶುವೈದ್ಯರಿಗೆ ತಿಳಿಸಬೇಕು. ಆಗ ಬಸ್ಸಿನಲ್ಲಿ ನಿಂತು ಹೋಗಿ ನಿಂತೇ ಬರುತ್ತಿದ್ದಳು. ಮಗಳು ಪ್ರಿಯಾ ಜ್ವರ ಬಂದು ಮಲಗಿದ್ದರೂ ಬಿಟ್ಟು ಹೋಗಬೇಕಾಗುತ್ತಿತ್ತು. ಹಾಗಿರುವಾಗ ಕಂಪನಿಯವರು ಕಚೇರಿ ಮುಚ್ಚಿ, ಎಲ್ಲರ ಕೈಗೂ ಒಂದೊಂದು ಕಂಪ್ಯೂಟರು, ಹೆಡ್‌ಫೋನು ಕೊಟ್ಟು, ಇನ್ನು ಮುಂದೆ ಮನೆಯಿಂದಲೇ, ನಿಮಗೆ ಬೇಕಾದಾಗ ಕೆಲಸ ಎಂದಾಗ ಅವಳಿಗಾದ ಸಂತೋಷ ಸುಳ್ಳಲ್ಲ. ಅಂದು ಮನೆಯಲ್ಲಿ ಹೋಳಿಗೆ ಆಯಿತು.

ಹೋಳಿಗೆ ಮುರಿಯುತ್ತ ಅತ್ತೆ ಶೇವಂತೆವ್ವ ಕೇಳಿದಳು: "ಬೇಕಾದಾಗ ಅಂದ್ರ, ಯಾರಿಗೆ ಬೇಕಾದಾಗ?"

ಎಲ್ಲರೂ ನಕ್ಕರು. ಮುದುಕಿಗೆ ತಿಳಿಯಲಿಲ್ಲ ಎಂದುಕೊಂಡರು.

ರೈತರಿಗೆ ಎಮ್ಮೆಯ ಚಿಂತೆ ಹತ್ತುವುದು ಹಾಲು ಹಿಂಡುವಾಗ. ಆದ್ದರಿಂದ ಕರೆಗಳೆಲ್ಲ ಬೆಳಗಿನ ಜಾವಕ್ಕೆ, ಇಳಿಸಂಜೆಗೆ. ನಡುವಿನದು ಬಿಡುವು ಎಂದುಕೊಂಡರೆ, ಕೆಲಸದಲ್ಲಿದ್ದಾಳೆಂದು ತೋರಿಸುವ ಪರದೆಯ ಮೇಲಿನ ಹಸಿರು ದೀಪ ಆರಿದ ಗಳಿಗೆಗೇ, ಎಲ್ಲಿ ಹೋದಿರಿ ಎಂದು ಇಂಡಿ ಪಟ್ಟಣದಿಂದ ಅನಿಲನ ಸಂದೇಶ ಬರುತ್ತಿತ್ತು. ಅನಿಲ ಇವರ ಮೇಲ್ವಿಚಾರಕ. ಕೆಟ್ಟವನೇನಲ್ಲ, ಅವನೂ ತನ್ನ ಮನೆಯ ಮೂಲೆಯಲ್ಲಿ ಕೂತು ಇನ್ನೊಬ್ಬರ ಸಂದೇಶಕ್ಕೆ ಹೆದರುವವನೇ. ಎಲ್ಲಕ್ಕಿಂತ ದೊಡ್ಡ ನಿಯಮ ಒಂದಿತ್ತು: ಕರೆಯ ಹಿಂದೆ ಮನೆಯ ಸದ್ದು ಕೇಳಬಾರದು. ಕೇಳಿದರೆ ಅಂಕ ಕಡಿತ. ಅಂಕ ತೀರಾ ಇಳಿದರೆ ಕೆಲಸವೇ ಹೋದೀತು.

ಮನೆ ಹೊಂದಿಕೊಂಡಿತು. ನಮ್ಮ ಕಡೆಯ ಮನೆಗಳು ಹೊಂದಿಕೊಳ್ಳಲು ಕೂತರೆ ಮಿತಿ ಎಂಬುದೇ ಇರುವುದಿಲ್ಲ. ಕುಕ್ಕರು ಅಟ್ಟ ಸೇರಿತು. ರೊಟ್ಟಿ ಬಡಿದರೆ ಸದ್ದಾಗುತ್ತದೆ, ಚಪಾತಿ ಲಟ್ಟಿಸಿದರೆ ಆಗುವುದಿಲ್ಲ. ಜೋಳದ ಸೀಮೆಯ ಆ ಮನೆಯಲ್ಲಿ ದಿನವೂ ಚಪಾತಿ ಶುರುವಾಯಿತು. ಸುನೀತಾಳ ಗಂಡ ದುಂಡೇಶ ತನ್ನ ಗೂಡ್ಸ್ ಗಾಡಿಯನ್ನು ಓಣಿಯ ತುದಿಯಲ್ಲೇ ನಿಲ್ಲಿಸಿ, ಚಪ್ಪಲಿ ಕೈಯಲ್ಲಿ ಹಿಡಿದು ಕಳ್ಳನ ಹಾಗೆ ತನ್ನ ಮನೆಗೆ ತಾನೇ ಬರುತ್ತಿದ್ದ. ಪ್ರಿಯಾ ಪಿಸುಮಾತು ಕಲಿತಳು. ಅಂಗನವಾಡಿಯಲ್ಲೂ ಪಿಸುಗುಟ್ಟುತ್ತಿದ್ದಳಂತೆ. ಮಗುವಿನ ಗಂಟಲು ಒಮ್ಮೆ ಡಾಕ್ಟರಿಗೆ ತೋರಿಸಿ ಎಂದು ಅಲ್ಲಿನ ಟೀಚರು ಹೇಳಿ ಕಳಿಸಿದರು. ಗಂಟಲಿಗೆ ಏನೂ ಆಗಿರಲಿಲ್ಲ.

ಸುನೀತಾಳ ಕತ್ತು ಬಿಗಿದು ಎಡಕ್ಕೆ ತಿರುಗದಾಯಿತು. ಎರಡು ಕರೆಗಳ ನಡುವೆ ತಣ್ಣನೆಯ ಚಪಾತಿ ನುಂಗಿ ನುಂಗಿ ಎದೆಯುರಿ ಹತ್ತಿತು. ಮಲಗಿದರೆ ಕಿವಿಯಲ್ಲಿ ಫೋನ್ ಬಡಿದುಕೊಂಡಂತಾಗುತ್ತಿತ್ತು. ಆದರೂ ಮಗಳ ಕಣ್ಣೆದುರಿಗೇ ಇದ್ದೇನಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದಳು. ಮಗಳ ಕಣ್ಣಿಗೆ ಕಾಣುತ್ತಿದ್ದದ್ದು ತಾಯಿಯ ಬೆನ್ನು, ಮತ್ತೆ ತಡಿ ಎಂದು ಮೇಲೆತ್ತಿದ ಒಂದು ಬೆರಳು.

ಈ ನಡುವೆ ಮಾವ ರೇವಣಪ್ಪ ತನ್ನ ಕಂಬಳಿ ಎತ್ತಿಕೊಂಡು ಹಿತ್ತಲಿನ ಕೊಟ್ಟಿಗೆಗೆ ಹೋದ. ಅಲ್ಲಿದ್ದದ್ದು ಒಂದು ಎಮ್ಮೆ. ಎತ್ತುಗಳನ್ನು ಮಾರಿ ಎಷ್ಟೋ ವರ್ಷವಾಗಿತ್ತು.

"ಒಳಗ ಸೆಕಿ ಆಗ್ತೈತಿ," ಎಂದ.

"ಇದು ಚಪಾತಿ ಸಿಟ್ಟು," ಎಂದು ಶೇವಂತೆವ್ವ ಸೊಸೆಯ ಕಿವಿಯಲ್ಲಿ ಹೇಳಿದಳು. "ರೊಟ್ಟಿ ಸಿಕ್ಕ ದಿನಾ ತಾನ ಬರ್ತಾನ, ಬಿಡ."

ಆದರೆ ಅವನು ಮೊಮ್ಮಗಳನ್ನು ಎತ್ತಿಕೊಳ್ಳುವುದನ್ನೂ ಬಿಟ್ಟ. ಹೆಗಲ ಮೇಲೆ ಕೂರಿಸಿಕೊಂಡು ಊರೆಲ್ಲ ತಿರುಗಿಸುತ್ತಿದ್ದವನು, ಈಗ ಮಗು ಓಡಿ ಬಂದರೆ ಟವೆಲ್ಲು ಬಾಯಿಗೆ ಒತ್ತಿಕೊಂಡು ಎದ್ದು ಹೋಗುತ್ತಿದ್ದ. ಸುನೀತಾಳಿಗೆ ಅದು ಚುಚ್ಚಿತು. ಮಾವನಿಗೆ ನನ್ನ ನೌಕರಿ ಸೇರುವುದಿಲ್ಲ, ಆ ಸಿಟ್ಟು ಮಗುವಿನ ಮೇಲೆ ಯಾಕೆ ಎಂದು ಒಳಗೊಳಗೇ ಕುದ್ದಳು. ಕೇಳೋಣವೆಂದರೆ ಹಸಿರು ದೀಪ ಹತ್ತಿರುತ್ತಿತ್ತು.

ಒಂದು ಸಂಜೆ ಕರೆ ಬಂತು.

"ನಮಸ್ಕಾರ, ಸಹಾಯವಾಣಿಗೆ ಸ್ವಾಗತ. ನಾನು ಸುನೀತಾ. ನಿಮ್ಮ ಸಮಸ್ಯೆ ಏನು, ಹೇಳಿ."

ಆ ಕಡೆ ಬರೀ ಉಸಿರಾಟ. ಆಮೇಲೆ ಬಟ್ಟೆಯೊಳಗಿಂದ ಬಂದಂಥ ಒಂದು ಸಣ್ಣ ದನಿ: "ಎತ್ತಿಗೆ ಆರಾಮ ಇಲ್ರಿ."

"ಏನಾಗಿದೆ ಎತ್ತಿಗೆ?"

"ಕೆಮ್ಮು. ಭಾಳ ದಿನ ಆತು. ಸಂಜಿ ಆತಂದ್ರ ಮೈ ಸುಡ್ತೈತಿ. ಮೇವಿನ ಮ್ಯಾಲ ಮನಸಿಲ್ಲ. ಇಳದ ಹೋಗೇತಿ."

"ಮೊದಲು ಕರೆ ಮಾಡಿದ್ದಿರಾ?"

"ಮಾಡಿದ್ದೆ. ಶಾಹಿಸ್ತಾ ಅನ್ನಾಕಿ ಮಾತಾಡಿದ್ಲು. ಅಜವಾನ, ಬೆಲ್ಲ ಕುದಿಸಿ ಕುಡಸ್ರಿ ಅಂದ್ಲು. ಕುಡದೆ... ಕುಡಿಸಿದೆ. ಏನೂ ಹತ್ತಲಿಲ್ಲ. ಕರುವಿನ ಹತ್ರ ಬಿಡಬ್ಯಾಡ್ರಿ, ಅದಕ್ಕೂ ತಗಲೀತು ಅಂದ್ಲು. ಬಿಟ್ಟಿಲ್ರಿ. ಕರು ಪಾಪ ಓಡಿ ಬರ್ತೈತಿ. ನಾನ ಎದ್ದ ಹೋಗ್ತೇನಿ."

ಸುನೀತಾ ಕೇಳಿದ್ದನ್ನೆಲ್ಲ ಕಂಪ್ಯೂಟರಿನಲ್ಲಿ ಒತ್ತುತ್ತ ಹೋಗುತ್ತಿದ್ದಳು. ದಿನಕ್ಕೆ ಎಷ್ಟೋ ಕೆಮ್ಮುಗಳನ್ನು ಹೀಗೇ ಒತ್ತುತ್ತಿದ್ದಳು. "ಎತ್ತಿನ ವಯಸ್ಸು ಎಷ್ಟು?"

"ಎಪ್ಪತ್ತಕ್ಕ ಬಂತು."

ತಪ್ಪಾಗಿ ಕೇಳಿಸಿತೇನೋ ಎಂದು ಅವಳು ಮತ್ತೆ ಕೇಳುವುದರೊಳಗೆ ಆ ದನಿ ಕೆಮ್ಮತೊಡಗಿತು. ತಡೆತಡೆದು, ಇನ್ನು ತಡೆಯಲಾಗದೆ ಒಡೆದು ಬಂದ ಕೆಮ್ಮು. ಹೆಡ್‌ಫೋನಿನಲ್ಲಿ ಕೇಳಿದ ಕೆಮ್ಮೇ ಹಿತ್ತಲಿನ ಗೋಡೆಯ ಆಚೆಯಿಂದಲೂ ಕೇಳುತ್ತಿತ್ತು.

ಪುಸ್ತಕದ ಕನ್ನಡ ಅವಳ ಬಾಯಿಂದ ಬಿದ್ದುಹೋಯಿತು. "ಮಾವಾರ?"

"ಏಳಬ್ಯಾಡ ಎವ್ವಾ," ಎಂದ ರೇವಣಪ್ಪ ಫೋನಿನಲ್ಲೇ. "ನಡುವ ಎದ್ರ ನಿನ್ನ ಅಂಕಾ ಕಡೀತಾರ."

ಅವಳು ಎದ್ದಳು. ಹೆಡ್‌ಫೋನು ಕಿತ್ತು ಎಸೆದು ಹಿತ್ತಲಿಗೆ ಓಡಿದಳು. ರೇವಣಪ್ಪ ಎಮ್ಮೆಯ ಪಕ್ಕದಲ್ಲಿ ಗೋಣಿಚೀಲದ ಮೇಲೆ ಕುಳಿತಿದ್ದ. ಒಂದು ಕೈಯಲ್ಲಿ ಬಾಯಿಗೆ ಒತ್ತಿಕೊಂಡ ಟವೆಲ್ಲು, ಇನ್ನೊಂದರಲ್ಲಿ ಇನ್ನೂ ಕಿವಿಗೆ ಹಿಡಿದೇ ಇದ್ದ ಮೊಬೈಲು. ಹತ್ತಿರದಿಂದ ನೋಡಿ ಎಷ್ಟು ದಿನವಾಗಿತ್ತೋ, ಅವನ ಕೊರಳೆಲುಬು ಅಂಗಿಯ ಮೇಲೂ ಎದ್ದು ಕಾಣುತ್ತಿತ್ತು.

"ಮನ್ಯಾಗ ಯಾಕ ಹೇಳಲಿಲ್ರಿ?"

"ಹೇಳಾಕ ಬಂದಿದ್ದೆ. ನೀ ಬೆರಳ ಎತ್ತಿದಿ."

ಅದರಲ್ಲಿ ದೂರು ಇರಲಿಲ್ಲ. ದೂರಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು.

"ಫೋನ್ ಮಾಡಿದವರ ಮಾತ ಭಾಳ ಸಮಾಧಾನದಿಂದ ಕೇಳ್ತಿ ನೀ," ಎಂದ. "ಗ್ವಾಡಿ ಆಕಡೆಯಿಂದ ದಿನಾ ಕೇಳ್ತೇನಲ್ಲ. ಅದಕ್ಕ ನಾನೂ ಮಾಡಿದೆ. ಮಾಡಿದಾಗೆಲ್ಲ ಬ್ಯಾರೇದವ್ರಿಗೇ ಹತ್ತತಿತ್ತು."

"ಎತ್ತು ಅಂತ ಯಾಕ ಹೇಳಿದ್ರಿ ಮತ್ತ?"

"ಮನಷ್ಯಾರ ಬ್ಯಾನಿ ನೀವು ಕೇಳೂದಿಲ್ಲಲ್ಲವ್ವಾ."

ಸುನೀತಾ ಅಲ್ಲೇ ಗೋಡೆ ಹಿಡಿದು ಕುಳಿತು ಜೋರಾಗಿ ಅತ್ತಳು. ಆ ಮನೆಯಲ್ಲಿ ಅಷ್ಟು ದೊಡ್ಡ ಸದ್ದು ಕೇಳಿ ಬಹಳ ದಿನವಾಗಿತ್ತು. ಶೇವಂತೆವ್ವ ಲಟ್ಟಣಿಗೆ ಹಿಡಿದೇ ಓಡಿ ಬಂದಳು.

ಮರುದಿನ ದುಂಡೇಶ ಗಾಡಿಯನ್ನು ಬಾಗಿಲ ಮುಂದೆಯೇ ತಂದು ನಿಲ್ಲಿಸಿದ. ಸಿಂದಗಿಯ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿ ಟಿ.ಬಿ. ಎಂದರು. ವಾಸಿಯಾಗುತ್ತದೆ, ಗುಳಿಗೆ ಒಂದು ದಿನವೂ ತಪ್ಪಿಸಬಾರದು ಎಂದು ಡಾಕ್ಟರು ತಿಳಿಹೇಳಿದರು. ಆಮೇಲೆ ಮನೆಯಲ್ಲಿ ಮಕ್ಕಳಿದ್ದಾರೆಯೇ ಎಂದು ಕೇಳಿದರು. ಸುನೀತಾ ಅಂದೇ ಪ್ರಿಯಾಳನ್ನೂ ಮನೆಯ ಉಳಿದವರನ್ನೂ ಪರೀಕ್ಷೆಗೆ ಕರೆತಂದಳು.

ಪ್ರಿಯಾಳ ಫಲಿತಾಂಶ ಬರುವವರೆಗೆ ಅವಳು ಅನ್ನ ಮುಟ್ಟಲಿಲ್ಲ. ಕಂಪ್ಯೂಟರು ಆರಿಸಿ ಬಟ್ಟೆ ಹೊದಿಸಿದ್ದಳು. ಅನಿಲನ ಸಂದೇಶಗಳು ಬಂದು ಬಂದು ಬೀಳುತ್ತಿದ್ದವು, ಅವಳು ತೆರೆದು ನೋಡಲಿಲ್ಲ. ದೇವರೇ, ನನ್ನ ಕತ್ತು ಮುರಿಯಲಿ, ನೌಕರಿ ಹಾಳಾಗಿ ಹೋಗಲಿ, ಕೂಸಿಗೆ ಏನೂ ಆಗದಿರಲಿ ಎಂದು ಬಸವಣ್ಣನಿಗೆ, ಮನೆದೇವರಿಗೆ, ನೆನಪಾದ ಎಲ್ಲರಿಗೂ ಬೇಡಿಕೊಂಡಳು.

ಕೂಸಿಗೆ ಏನೂ ತಗಲಿರಲಿಲ್ಲ. ಉಳಿದವರೂ ಪಾರಾಗಿದ್ದರು.

"ಅಜ್ಜಾರ, ಮಗೂನ ದೂರ ಇಟ್ಟು ಚೊಲೋ ಮಾಡಿದ್ರಿ. ಯಾರ ಹೇಳಿದ್ರು ನಿಮಗ?" ಎಂದು ಡಾಕ್ಟರು ಕೇಳಿದರು.

"ದನದ ಸಹಾಯವಾಣ್ಯಾಗ ಹೇಳಿದ್ರಿ," ಎಂದ ರೇವಣಪ್ಪ.

ನಗಬೇಕೋ ಬೇಡವೋ ತಿಳಿಯದೆ ಡಾಕ್ಟರು ಚೀಟಿ ಬರೆಯತೊಡಗಿದರು. ಸುನೀತಾ ಮಾತ್ರ ಅಲ್ಲೇ ಹೊರಗೆ ಬಂದು, ಕರುವನ್ನು ದೂರ ಇಡಲು ಹೇಳಿದ್ದ ತನ್ನ ಸಹೋದ್ಯೋಗಿ ಶಾಹಿಸ್ತಾಳಿಗೆ ಫೋನ್ ಮಾಡಿದಳು. ಊಟ ಆತೇನ್ ಎಂದಷ್ಟೇ ಕೇಳಿ ಇಟ್ಟಳು.

ಮನೆಗೆ ಬಂದ ಮೇಲೆ ಶೇವಂತೆವ್ವ ಮನಸ್ಸಿನಲ್ಲಿ ಕಟ್ಟಿಕೊಂಡಿದ್ದನ್ನೆಲ್ಲ ಬಿಚ್ಚಿದಳು. "ನಮ್ಮ ಸೀಮ್ಯಾಗ ಸೋಮವಾರ ಎತ್ತಿನ ಹೆಗಲ ಮ್ಯಾಲ ನೊಗಾ ಇಡಂಗಿಲ್ಲ. ಮಳಿ ಬಂದು ಹದ ಇದ್ರೂ ಇಡಂಗಿಲ್ಲ. ನಿನ್ನ ಕಂಪನ್ಯಾಗ ಸೋಮವಾರ ಐತೋ ಇಲ್ಲೋ, ಅದನ್ನರ ಕೇಳ."

ಸುನೀತಾ ಕೇಳಿದಳು. ಹೊತ್ತು ನಾನು ಗೊತ್ತು ಮಾಡಿದಷ್ಟೇ, ಸೋಮವಾರ ಪೂರ್ತಿ ರಜೆ ಎಂದು ಅನಿಲನಿಗೆ ಹೇಳಿದಳು.

"ಇದು ಹೊಂದಿಕೊಂಡು ಮಾಡೂ ಕೆಲಸ ಅಲ್ಲೇನ್ರಿ ಅಕ್ಕಾರ?" ಎಂದ ಅನಿಲ. "ನೀವೂ ಸ್ವಲ್ಪ ಹೊಂದಿಕೋಬೇಕು."

"ಭಾಳ ಹೊಂದಿಕೊಂಡೇವ್ರಿ. ನಮ್ಮ ಮಾವಾರು ಕೆಮ್ಮೂದೂ ಬಿಟ್ಟಿದ್ರು."

ಅನಿಲನ ಕಡೆ ಎಲ್ಲೋ ಒಂದು ಮಗು ಅತ್ತು, ಯಾರೋ ಅದರ ಬಾಯಿ ಮುಚ್ಚಿದ್ದು ಕೇಳಿಸಿತು. "ಮ್ಯಾಲಿನವ್ರಿಗೆ ಹೇಳಿ ನೋಡ್ತೇನ್ರಿ," ಎಂದು ಇಟ್ಟ. ಸೋಮವಾರ ಸಿಕ್ಕಿತು. ಸದ್ದಿನ ನಿಯಮ ಮಾತ್ರ ಹಾಗೆಯೇ ಉಳಿಯಿತು.

ಕೆಲವು ವಾರಗಳಾದ ಮೇಲೆ, ಇನ್ನು ಹೆದರಬೇಕಿಲ್ಲ ಎಂದು ಡಾಕ್ಟರು ಹೇಳಿದಾಗ, ರೇವಣಪ್ಪ ಪಡಸಾಲೆಗೆ ಬಂದು ಮಲಗತೊಡಗಿದ. ಒಂದು ಮುಂಜಾನೆ ಸುನೀತಾ ಮೋರಟಗಿಯ ಕಸ್ತೂರೆವ್ವ ಎಂಬ ಮುದುಕಿಯ ಎಮ್ಮೆಯ ವಿಷಯ ಕೇಳುತ್ತಿದ್ದಳು. ಕೆಚ್ಚಲು ಬಾತು ಎಮ್ಮೆ ರಾತ್ರಿಯೆಲ್ಲ ಒದ್ದಾಡಿದೆ, ಮುದುಕಿಯ ದನಿಯಲ್ಲಿ ಅಳು ತುಂಬಿತ್ತು. ಅಷ್ಟರಲ್ಲಿ ರೇವಣಪ್ಪನಿಗೆ ಕೆಮ್ಮು ಬಂತು. ಅಭ್ಯಾಸಬಲದಿಂದ ಟವೆಲ್ಲು ಬಾಯಿಗೆ ಹೋಯಿತು, ಆದರೆ ಕೆಮ್ಮು ನಿಲ್ಲಲಿಲ್ಲ.

"ಕ್ಷಮಿಸಿ ಅಮ್ಮಾ," ಎಂದಳು ಸುನೀತಾ, ಅದೂ ಅಭ್ಯಾಸಬಲದಿಂದಲೇ.

"ಯಾರವ್ವಾ ಅದು ಕೆಮ್ಮೂದು?"

"ನಮ್ಮ ಮಾವಾರ್ರಿ. ಆರಾಮ ಇಲ್ಲ ಅವರಿಗೆ."

"ಅಯ್ಯ, ಮತ್ತ ಕುಂತೀದಿ ಯಾಕ? ಹೋಗು, ಬಿಸಿ ನೀರ ಕೊಟ್ಟ ಬಾ. ನನ್ನ ಎಮ್ಮಿ ಎಲ್ಲಿ ಓಡಿ ಹೋಗ್ತೈತಿ? ನಾ ಫೋನ್ ಹಿಡಕೊಂಡ ಇರ್ತೇನಿ."

ಸುನೀತಾ ಹೆಡ್‌ಫೋನು ಕೆಳಗಿಟ್ಟು ಎದ್ದಳು. ಒಲೆಯ ಮೇಲಿನ ನೀರು ಲೋಟಕ್ಕೆ ಬಗ್ಗಿಸಿ, ಮಾವನ ಬೆನ್ನು ಸವರುತ್ತ ಅವನು ಕುಡಿದು ಮುಗಿಸುವವರೆಗೂ ನಿಂತಳು. ಇಷ್ಟು ತಿಂಗಳು ಯಾರಿಗಾಗಿ ಈ ಮನೆ ಉಸಿರು ಬಿಗಿಹಿಡಿದಿತ್ತೋ, ಕರೆ ಮಾಡುವ ಆ ರೈತರಲ್ಲಿ ಒಬ್ಬರಾದರೂ ಸದ್ದು ಮಾಡಬೇಡಿ ಎಂದು ಕೇಳಿದ್ದರೇ ಎಂದು ನೆನೆಸಿಕೊಂಡಳು. ಒಬ್ಬರೂ ಕೇಳಿರಲಿಲ್ಲ.

ಅವಳು ಮರಳಿ ಬಂದು ಹೆಡ್‌ಫೋನು ಕಿವಿಗಿಟ್ಟಾಗ ಕಸ್ತೂರೆವ್ವ ಇನ್ನೂ ಇದ್ದಳು. ಅವಳ ಹಿಂದೆ ಎಮ್ಮೆ ನೋವಿನಿಂದ ಅರಚುತ್ತಿತ್ತು. ಎಮ್ಮೆಯ ಮಾತೆತ್ತುವ ಮೊದಲು ಮುದುಕಿ ಕೇಳಿದಳು:

"ಕುಡದ್ರಾ?"