ತುಟಿ ಅವನದು, ಮಾತು ಕೋಮಲಳದು

ನನ್ನ ತಂಗಿ ಕೋಮಲಳನ್ನು ನೋಡಲು ಬರಲಿದ್ದ ಯಳಂದೂರಿನ ಬಸವೇಶ ಯೂಟ್ಯೂಬಿನಲ್ಲಿ ಸಿನಿಮಾ ವಿಮರ್ಶೆ ಮಾಡುವ ಮಹಾಶಯ. ಬರುವ ಮೊದಲೇ ಅವಳ ಫೋನಿಗೆ ಹಳೆಯ ಇಟಾಲಿಯನ್ ಕೌಬಾಯ್ ಚಿತ್ರವೊಂದನ್ನು ಕಳಿಸಿ, 'ನೋಡಿ, ಬಂದಾಗ ಮಾತಾಡೋಣ' ಎಂದಿದ್ದ. ಹೆಣ್ಣಿನ ಅಭಿಪ್ರಾಯ ಕೇಳುವ ಗಂಡು! ಕೋಮಲ ಆಗಲೇ ಮನಸ್ಸು ಕೊಟ್ಟುಬಿಟ್ಟಳು. ಹಿತ್ತಲಲ್ಲಿ ಕೂತು ಮತ್ತೆ ಮತ್ತೆ ನೋಡಿದಳು.

ಭಾನುವಾರ ಕಾಮಗೆರೆಯ ನಮ್ಮ ಮನೆಗೆ ಕಾರಿನ ತುಂಬ ಜನ ಬಂದರು. ನಮ್ಮ ಕಡೆ ಹುಡುಗಿ ಕಾಫಿ ಕೊಟ್ಟು, ಚಾಪೆ ನೋಡುತ್ತಾ ಕೂರಬೇಕು. ಕೇಳಿದ್ದಕ್ಕೆ ಹೂಂ, ಉಹೂಂ ಎಂದರೆ ಸಾಕು. ಬಸವೇಶ "ಸಿನಿಮಾ ಎಂಗಿತ್ರಿ?" ಎಂದದ್ದೇ ತಡ, ಈ ಪೆದ್ದಿ ತಲೆ ಎತ್ತಿದಳು.

"ಮಾತಿಲ್ದೆ ಬರೀ ಕಣ್ಣಲ್ಲೇ ಎದ್ರುಸ್ತಾರೆ, ಅದು ಚೆಂದ. ಗುಂಡು ಆರೋಕ್ ಮುಂಚೆ ಮ್ಯೂಸಿಕ್ಕು ಎದೆ ಇಂಡ್ತದೆ. ಆದ್ರೆ ಡಬ್ಬಿಂಗಲ್ಲಿ ತುಟಿ ಒಂದ್ ಕಡೆ, ಮಾತು ಒಂದ್ ಕಡೆ. ಅಷ್ಟ್ ಜನ ಸತ್ರೂ ಅಳೋರೇ ಇಲ್ಲ. ಇರೋಳೊಬ್ಳು ಎಂಗ್ಸು ಏಟು ತಿನ್ನಕ್ಕೇ ಬತ್ತಾಳೆ, ಅವ್ಳಿಗೊಂದು ಎಸ್ರೂ ಇಲ್ಲ."

"ಈರೋ ಎಂಗೆ?" ಎಂದ ಬಸವೇಶ.

"ಅವ್ನೇನ್ ಒಳ್ಳೇವ್ನಲ್ಲ. ಒಳ್ಳೇವ್ನಂಗೆ ತೋರುಸ್ತಾರೆ, ಅಷ್ಟೇಯ."

ಬಸವೇಶ ಅವಳನ್ನೇ ದಿಟ್ಟಿಸಿದ. ಅವಳೂ ದಿಟ್ಟಿಸಿದಳು, ಕಣ್ಣು ಮಿಟುಕಿಸಲಿಲ್ಲ. ಅವನ ತಾಯಿ ಕಾಫಿ ಲೋಟವನ್ನು ಕುಕ್ಕಿದರು. "ಸೂಪರ್ ಕಣ್ರಿ, ಇನ್ನೊಂದ್ಸಲ ಏಳಿ" ಎಂದು ಅವನು ಫೋನು ತೆಗೆದು ಒಂದೊಂದನ್ನೂ ಬರೆದುಕೊಂಡ. ಕೋಮಲಳ ಮುಖ ಕೆಂಪಾಯಿತು.

ಬುಧವಾರ ಸಂಬಂಧ ತಂದಿದ್ದ ಚಿಕ್ಕಮಾದಪ್ಪನ ಫೋನು ಬಂತು. "ಉಡ್ಗಿ ಕಣ್ಣಲ್ಲಿ ಕಣ್ಣಿಟ್ಟು ಮಾತಾಡ್ತದಂತೆ ಕಣವ್ವ. ಗಂಡಿಗೇ ಒಪ್ಗೆ ಇಲ್ವಂತೆ."

"ಬಾಯಿ ಮುಚ್ಕಂಡು ಕೂರಕ್ಕಾಯ್ತಿರ್ನಿಲ್ವಾ ನಿಂಗೆ?" ಎಂದು ಅವ್ವ ಅವಳ ತಲೆಗೆ ಮೊಟಕಿದಳು.

ಅದೇ ಸಂಜೆ ಬಸವೇಶನ ಹೊಸ ವಿಡಿಯೋ ಬಂತು. ಕಣ್ಣು, ಮ್ಯೂಸಿಕ್ಕು, ಅಳುವವರಿಲ್ಲದ ಸಾವು, ಹೆಸರಿಲ್ಲದ ಹೆಂಗಸು: ಒಂದನ್ನೂ ಬಿಡದೆ ಒಪ್ಪಿಸಿದ್ದ. ತುಟಿ ಅವನದು, ಮಾತು ಇವಳದು. ಕೋಮಲಳ ಹೆಸರು ಮಾತ್ರ ಎಲ್ಲೂ ಇರಲಿಲ್ಲ. 'ಹೆಣ್ಣುಮಕ್ಕಳ ಬಗ್ಗೆ ಎಷ್ಟು ಗೌರವ ಅಣ್ಣ ನಿಮಗೆ' ಎಂದು ಕೆಳಗೆ ಯಾರೋ ಬರೆದಿದ್ದರು. ನನಗೆ ಫೋನನ್ನು ಗೋಡೆಗೆ ಬಡಿಯುವಷ್ಟು ಸಿಟ್ಟು ಬಂತು. ಕೋಮಲ ಅಳಲಿಲ್ಲ. ಕೊನೆಯವರೆಗೆ ನೋಡಿ, ಎದ್ದು ಹೋಗಿ ಪಾತ್ರೆ ತೊಳೆದಳು.

ಮುಂದಿನ ತಿಂಗಳು ಹನೂರಿನವರು ಬಂದರು. ಗಂಡು ಒಳ್ಳೆಯವನಂತೆಯೇ ಕಂಡ. ನಗುತ್ತಾ, "ಸಿನಿಮಾ ಗಿನಿಮಾ ನೋಡ್ತೀರಾ?" ಎಂದ.

ಕೋಮಲ ಚಾಪೆ ನೋಡುತ್ತಾ "ಇಲ್ಲ" ಎಂದಳು.

ಅವ್ವನ ಮುಖ ಅರಳಿತು. ಹನೂರಿನವರು ಅಲ್ಲೇ ಒಪ್ಪಿಕೊಂಡರು.