ಚತುರ್ದಶಿಯ ದಿನ ಬಂದ ಫೋನು

ನಾಲ್ಕನೆಯ ಅಂಕಿ ಒತ್ತಿದ ಸೋನಾಲಿ ಬೆರಳನ್ನು ಐದನೆಯದರ ಮೇಲೆ ತಂದಳು. ಒಂದೊಂದು ಗುಂಡಿಗೂ ಫೋನಿನೊಳಗೆ ಒಂದು ಸಣ್ಣ ಸ್ವರ ಹುಟ್ಟಿ, ತಂತಿ ಹಿಡಿದು ಎಲ್ಲಿಗೋ ನಡೆದುಬಿಡುತ್ತಿತ್ತು. ಎಡಗೈಯಲ್ಲಿ ಬ್ಯಾಂಕಿನವರು ಹೋದ ತಿಂಗಳು ಕೊಟ್ಟ ಎಟಿಎಂ ಕಾರ್ಡು ಬೆವರಿಗೆ ಅಂಟಿಕೊಂಡಿತ್ತು.

"ಹಾಂ, ಹಾಗೇ ಮೇಡಂ, ನಿಧಾನವಾಗಿ. ಬಾಯಿ ಬಿಡೋದೇ ಬೇಡ" ಎಂದಿತು ಆ ಕಡೆಯ ಗಂಡು ದನಿ. "ಕಾರ್ಡಿನ ಮೇಲಿರೋ ನಂಬರ್ ಪೂರ್ತಿ ಒತ್ತಿ. ಆಮೇಲೆ ನಿಮ್ಮ ಗುಪ್ತ ನಂಬರ್. ಅಷ್ಟೇ. ಇಲ್ಲಾಂದ್ರೆ ಒಂದು ಗಂಟೇಲಿ ನಿಮ್ಮ ಖಾತೆ ಬಂದ್ ಆಗುತ್ತೆ."

ಬ್ಯಾಂಕಿನ ದೊಡ್ಡ ಆಫೀಸಿನಿಂದ ಎಂದು ಹೇಳಿಕೊಂಡಿದ್ದ. ಗೋಕಾಕದಲ್ಲಿ ಈವರೆಗೆ ಯಾರೂ ಅವಳನ್ನು ಮೇಡಂ ಅಂದಿರಲಿಲ್ಲ. ಅವಳು ಉತ್ತರ ಕೊಡದಿದ್ದುದನ್ನು ಕಂಡು, ಗಂಟಲು ನೋವೇ ಎಂದು ಕೇಳಿ, ಗುಂಡಿ ಒತ್ತುವ ದಾರಿಯನ್ನು ಅವನೇ ಹುಡುಕಿಕೊಟ್ಟಿದ್ದ.

ಗಂಟಲು ನೋವಲ್ಲ. ಅಂದು ಚತುರ್ದಶಿ, ಜೈನರ ವ್ರತದ ದಿನ. ಸೋನಾಲಿಗೆ ಉಪವಾಸ, ಜೊತೆಗೆ ಹೊತ್ತು ಮುಳುಗುವವರೆಗೆ ಮೌನ. ಮೌನದ ದಿನ ಅವಳು ಫೋನು ಎತ್ತುತ್ತಿದ್ದುದು ಗಂಡ ಭರತೇಶನಿಗಾಗಿ ಮಾತ್ರ; ಇಂದೂ ಅವನದೇ ಎಂದು ಎತ್ತಿದ್ದಳು. ವ್ಯಾಪಾರಕ್ಕೆಂದು ಮೂಡಲಗಿಗೆ ಹೋದವನು ಅಲ್ಲಿಂದ ಫೋನು ಮಾಡಿ ತಾನೊಬ್ಬನೇ ಮಾತಾಡುತ್ತಿದ್ದ. ಹೂಂ ಅನ್ನಬೇಕಾದ ಕಡೆ ಇವಳು ರಿಸೀವರಿಗೆ ಬಳೆ ತಾಗಿಸುತ್ತಿದ್ದಳು. ಅತ್ತೆ ಸೀತಾಬಾಯಿಗೆ ಅದು ಸೇರುತ್ತಿರಲಿಲ್ಲ.

"ಬಾಯಿ ಮುಚಗೊಂಡು ಬಳಿ ಮಾತಾಡಿಸಿದ್ರ ಅದೆಂಥಾ ಮೌನವಾ?" ಎಂದು ಹೋದ ಚತುರ್ದಶಿಗೇ ಜಾಡಿಸಿದ್ದರು. "ಮನಸು, ಮಾತು, ಮೈ, ಮೂರೂ ಸುಮ್ಮ ಕುಂದ್ರಬೇಕು. ಹಿಂಗ ಮಾಡೂಕಿಂತ ಗಂಡನ ಕೂಡ ಚೊಲೊತ್ನಾಗಿ ಹರಟಿ ಹೊಡಿ, ಪುಣ್ಯೆ ಬರದಿದ್ರೂ ಸುದ್ದಿಯರ ಬರ್ತಾವು!"

ಐದನೆಯ ಗುಂಡಿ ಬೆರಳ ತುದಿಗೆ ತಣ್ಣಗೆ ತಾಗಿದಾಗ ಆ ಮಾತು ನೆನಪಾಯಿತು. ಬಳೆಯ ಮಾತು ಮಾತಾದರೆ ಬೆರಳಿನದು? ಸೋನಾಲಿ ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದು ಮಡಿಲಲ್ಲಿಟ್ಟುಕೊಂಡಳು.

"ಮೇಡಂ? ಯಾಕೆ ನಿಂತುಬಿಟ್ರಿ?"

ಅವಳು ಕೇಳುತ್ತ ಕೂತಳು. ಹಸಿದ ಕಿವಿಗೆ ದನಿ ಬೇರೆಯಾಗಿಯೇ ಕೇಳುತ್ತದೆ. ಮೊದಲು ಹದವಾಗಿ ನಾದಿದ ಹಿಟ್ಟಿನಂತಿದ್ದದ್ದು ಬರಬರುತ್ತ ಗಂಟುಗಂಟಾಯಿತು. ನಿಮ್ಮ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ ಎಂದ. ದುಡ್ಡೆಲ್ಲ ಹೋದರೆ ತಾನು ಹೊಣೆಯಲ್ಲ ಎಂದ. ಕೊನೆಗೆ, "ಮನೇಲಿ ಯಾರಿಗೂ ಹೇಳಬೇಡಿ, ಒಂದು ಗಂಟೆ ಅಷ್ಟೇ ಟೈಮು" ಎಂದು ಫೋನು ಇಟ್ಟುಬಿಟ್ಟ.

ಆ ಖಾತೆಯಲ್ಲಿ ಇದ್ದದ್ದು ಅವಳ ಶಾವಿಗೆ ಮಷಿನ್ನು. ಹುಕ್ಕೇರಿಯ ತವರಿನಲ್ಲಿ ತಂದೆಯ ಜಾಗ ಮಾರಿದಾಗ ಅಣ್ಣಂದಿರು ಅವಳ ಪಾಲನ್ನು ಅಲ್ಲಿ ಹಾಕಿದ್ದರು. ಬರುವ ಸೋಮವಾರ ಕೊಣ್ಣೂರಿನ ಶಿದ್ರಾಮ ಮಷಿನ್ನನ್ನು ತಂದು ಅಂಗಳದಲ್ಲಿ ಇಳಿಸಬೇಕು, ಇವಳು ದುಡ್ಡು ಎಣಿಸಿಕೊಡಬೇಕು. ಬೆಳಗಿನಿಂದ ಉಪವಾಸದ ಮಂಪರಿನಲ್ಲಿ ಅವಳು ಅದನ್ನೇ ಕಾಣುತ್ತಿದ್ದಳು. ಅಂಗಳದ ತುಂಬ ಬಿದಿರಿನ ಗಳ, ಗಳದ ಮೇಲೆ ಇಳಿಬಿದ್ದ ಬಿಳಿ ಎಳೆಗಳು, ಎಳೆಗಳ ನಡುವೆ ದಾರಿ ಮಾಡಿಕೊಂಡು ರವೆಯ ಡಬ್ಬಿ ಹಿಡಿದು ಬರುವ ಹೆಂಗಸರು. ಎಲ್ಲರೂ ಏನೋ ಹೇಳುತ್ತ ನಗುತ್ತಿದ್ದರು. ಮಷಿನ್ನಿನ ಸದ್ದಿಗೆ ಅವರ ಮಾತು ಕೇಳುತ್ತಿರಲಿಲ್ಲ.

ಈಗ ಆ ಎಳೆಗಳು ಒಂದೊಂದಾಗಿ ಕಡಿದು ಬೀಳತೊಡಗಿದವು.

ಅವನು ಖರೆ ಬ್ಯಾಂಕಿನವನೇ ಆಗಿದ್ದರೆ? ತನ್ನ ವ್ರತವೇ ತನ್ನ ಮಷಿನ್ನನ್ನು ನುಂಗಿದರೆ? ಓಡಿಹೋಗಿ ಕೇಳೋಣವೆಂದರೆ ಬ್ಯಾಂಕು ಬಾಗಿಲು ಹಾಕಿ ಆಗಿತ್ತು. ಹೊಸ್ತಿಲ ಮೇಲೆ ಕೂತಳು. ಬಿಸಿಲು ಅಂಗಳ ದಾಟಿ ತುಳಸಿಯ ಬುಡಕ್ಕೆ ಬಂತು. ತಾನು ಒತ್ತಿದ ನಾಲ್ಕು ಸ್ವರಗಳು ಗೂಡು ತಪ್ಪಿದ ಹಕ್ಕಿಗಳ ಹಾಗೆ ಊರಿನ ಮೇಲೆ ಸುತ್ತುತ್ತಿವೆ, ಉಳಿದವುಗಳಿಗಾಗಿ ಕಾಯುತ್ತಿವೆ ಅನ್ನಿಸಿತು. ಕಣ್ಣು ಮುಚ್ಚಿದರೆ ಗೋಕಾಕ ಫಾಲ್ಸಿನ ನೀರು ಸದ್ದಿಲ್ಲದೆ ಬೀಳುತ್ತಿತ್ತು, ಅದೂ ಚತುರ್ದಶಿ ಹಿಡಿದಂತೆ. ಹಾಗೆಯೇ ಒಂದು ತಾಸು ಕಳೆಯಿತು.

ಫೋನು ಮತ್ತೆ ಹೊಡೆದುಕೊಂಡಿತು.

"ಅಕ್ಕಾ, ನಿಮಗೋಸ್ಕರ ಸಾಹೇಬರ ಕಾಲು ಹಿಡಿದು ಒಪ್ಪಿಸಿದೀನಿ" ಎಂದಿತು ದನಿ. ಮೇಡಂ ಹೋಗಿ ಅಕ್ಕ ಬಂದಿದ್ದಳು. "ಇನ್ನೂ ಅರ್ಧ ಗಂಟೆ ಕೊಟ್ಟಿದಾರೆ. ಒತ್ತಿ ಅಕ್ಕಾ."

ಸೋನಾಲಿಯ ಒಳಗೆಲ್ಲೋ ಒಂದು ನಗು ಎದ್ದಿತು. ಅವಳಿಗೆ ಗೊತ್ತಿದ್ದ ಬ್ಯಾಂಕೆಂದರೆ ಕಿಟಕಿಯ ಆಚೆ ಕೂರುವ ರಾಜಪ್ಪ. ವೇಳೆ ಮುಗಿದ ಮೇಲೆ ಎರಡು ನಿಮಿಷ ತಡವಾಗಿದ್ದಕ್ಕೆ, ತುಂಬು ಬಸುರಿಯ ಮುಂದೆಯೂ ಕಿಟಕಿಯ ಕದ ಎಳೆದು, "ನಾಳೆ ಬರ್ರಿ" ಎಂದಿದ್ದ ಪುಣ್ಯಾತ್ಮ. ಆ ಬ್ಯಾಂಕು ಅರ್ಧ ತಾಸು ಕೊಡುವುದುಂಟೇ? ಅದೂ ಕಾಲು ಹಿಡಿದದ್ದಕ್ಕೆ?

ರಾಜಪ್ಪನ ಮೋರೆಯ ಹಿಂದೆಯೇ ರಾಜಪ್ಪನ ಮಾತೂ ಬಂತು. ಕಾರ್ಡು ಕೊಡುವಾಗ ಕತ್ತೆತ್ತದೆ ಗೊಣಗಿದ್ದ. "ಈ ಗುಪ್ತ ನಂಬರ್ ಯಾರಿಗೂ ಹೇಳಬ್ಯಾಡ್ರಿ. ಬ್ಯಾಂಕಿನಾವ್ರು ಕೇಳೂದಿಲ್ಲ. ನಾನ ಖುದ್ದ ಕೇಳಿದ್ರೂ ಹೇಳಬ್ಯಾಡ್ರಿ. ಮುಂದಿನಾವ್ರು ಬರ್ರಿ." ಆಗ ಅದು ಅವನ ಎಂದಿನ ಸಿಡುಕಿನ ಹಾಗೆ ಕೇಳಿಸಿತ್ತು. ಈಗ, ಇಷ್ಟು ಮೌನದ ತಳದಲ್ಲಿ, ತೊಳೆದ ಪಾತ್ರೆಯಂತೆ ಹೊಳೆಯಿತು.

ಅವಳು ರಿಸೀವರನ್ನು ಸದ್ದಾಗದಂತೆ ಕೆಳಗಿಟ್ಟಳು. ಕಾರ್ಡನ್ನು ಸೆರಗಿಗೆ ಒರೆಸಿ ಟ್ರಂಕಿನಲ್ಲಿಟ್ಟಳು.

ಹೊತ್ತು ಮುಳುಗಿತು. ಬಸದಿಯಿಂದ ಬಂದ ಸೀತಾಬಾಯಿ ಕಾಲು ತೊಳೆಯುವಾಗ ಫೋನು ಮತ್ತೆ ಕೂಗಿತು.

"ಯಾರದವಾ ಇದು? ಓಣಿ ತುದಿತನಾ ಕೇಳಾಕತ್ತೈತಿ. ಹೊತ್ತ ಮುಳಗೈತಿ, ಇನ್ನ ಮಾತಾಡು. ನಿನ್ನ ಬಳಿಗೂ ಸ್ವಲ್ಪ ಸುಸ್ತು ಕಳೀಲಿ."

ಸೋನಾಲಿ ಕೈಮುಗಿದು ಣಮೋಕಾರ ಮಂತ್ರ ಹೇಳಿಕೊಂಡಳು. ದಿನವಿಡೀ ಮುಚ್ಚಿದ್ದ ಬಾಯಿಯಲ್ಲಿ ಮಾತುಗಳು ಹೊಸ ಹಲ್ಲಿನ ಹಾಗಿದ್ದವು. ಆಮೇಲೆ ಫೋನು ಎತ್ತಿದಳು.

"ಅಕ್ಕಾ, ಇದು ಕೊನೇ ಸಲ" ದನಿ ಮತ್ತೆ ಹದವಾಗಿತ್ತು. "ನಿಮ್ಮಂಥ ಗ್ರಾಹಕರಿಗೆ ಬ್ಯಾಂಕು ಬಂಗಾರದ ನಾಣ್ಯ ಕೊಡ್ತಾ ಇದೆ, ನಾಳೆನೇ ಮನೆಗೆ ಬರುತ್ತೆ. ನಂಬರ್ ಹೇಳಿಬಿಡಿ, ನಿಮ್ಮ ಹೆಸರಿಗೆ ಬರೆದುಬಿಡ್ತೀನಿ."

"ನಿಮ್ಮ ಬಂಗಾರ ನಂಗ ಬ್ಯಾಡ" ಎಂದಳು ಸೋನಾಲಿ. "ನಂಬರ್ ನಾ ಹೇಳೂದಿಲ್ಲ. ನೀವು ಖರೇನ ಬ್ಯಾಂಕಿನಾವ್ರು ಇದ್ರೂ ಹೇಳೂದಿಲ್ಲ."