ಡ್ರೈವರ್ ಸೀಟಿನ ಮರಳು ಚೀಲಗಳು

ಆರು ವರ್ಷಗಳಿಂದ ಆ ಕಾರನ್ನು ಓಡಿಸುತ್ತಿದ್ದವನು ಅಣ್ಣ, ಅದರ ಚಕ್ರಗಳನ್ನು ಹದಕ್ಕೆ ತರುತ್ತಿದ್ದವಳು ತಂಗಿ. ಇಬ್ಬರದೂ ಸೇರಿ ಒಂದು ಸಣ್ಣ ಗ್ಯಾರೇಜಿತ್ತು. ವರ್ಷಕ್ಕೆ ಮೂರು ಸಲ ಊರಾಚೆಯ ರೇಸ್ ಟ್ರ್ಯಾಕಿನಲ್ಲಿ ಯಾರು ಬೇಕಾದರೂ ತಮ್ಮ ಕಾರು ತಂದು ಓಡಿಸಬಹುದಿತ್ತು. ಅದಕ್ಕೆ ಮುಂಚಿನ ಎರಡು ದಿನ ತಂಗಿಗೆ ನೆಲವೇ ಗತಿ. ಕಾರಿನ ಎರಡೂ ಪಕ್ಕ ದಾರ ಎಳೆದು ಕಟ್ಟಿ, ದಾರದಿಂದ ಚಕ್ರಕ್ಕೆ ಎಷ್ಟು ದೂರವೆಂದು ಸ್ಟೀಲ್ ಸ್ಕೇಲಿನಲ್ಲಿ ಅಳೆದು, ಅರ್ಧ ಮಿಲಿಮೀಟರಿಗೂ ತನ್ನೊಂದಿಗೆ ತಾನೇ ಜಗಳವಾಡುತ್ತಿದ್ದಳು. ಟ್ರ್ಯಾಕಿನಲ್ಲಿ ಎಲ್ಲರ ಬಾಯಲ್ಲೂ ಅವಳು ದಾರದಕ್ಕ. ಕಾರು ಚೆನ್ನಾಗಿ ಓಡಿದರೆ ಬೆನ್ನು ತಟ್ಟಿಸಿಕೊಳ್ಳುವವನು ಅಣ್ಣ, ಟೈರು ಸವೆದರೆ ಬೈಸಿಕೊಳ್ಳುವವಳು ದಾರದಕ್ಕ.

ಈ ಸಲ ಅವಳು ಒಂದು ಹೆಲ್ಮೆಟ್ ತಂದು ಮೇಜಿನ ಮೇಲಿಟ್ಟಳು.

"ಇದ್ಯಾರಿಗೆ?" ಎಂದ ಅಣ್ಣ.

"ನನ್ನ ತಲೆಗೆ."

ಅಣ್ಣ ನಕ್ಕ. ಅವಳು ನಗಲಿಲ್ಲ. ಅವನೂ ನಗು ನಿಲ್ಲಿಸಬೇಕಾಯಿತು.

"ಸರಿ, ಓಡ್ಸು. ನನ್ನ ಟೈಮು ಸುತ್ತಿಗೆ ಒಂದು ನಿಮಿಷ ನಲವತ್ತೆರಡು ಸೆಕೆಂಡು. ಅದರೊಳಗೆ ಬಂದ್ರೆ ಇನ್ಮೇಲೆ ಪ್ರತಿ ಸಲ ಅರ್ಧ ದಿನ ಕಾರು ನಿಂದು. ಬರ್ಲಿಲ್ವೋ, ಈ ಮಾತು ಮತ್ತೆ ಎತ್ತಬಾರ್ದು."

"ಎತ್ತಲ್ಲ," ಎಂದಳು. ಎತ್ತುವ ಪ್ರಮೇಯವೇ ಬರುವುದಿಲ್ಲ ಎಂಬ ಧೈರ್ಯ ಅವಳಿಗೆ.

ಆ ಧೈರ್ಯ ಟ್ರ್ಯಾಕಿನ ಮೊದಲ ಸುತ್ತಿನಲ್ಲೇ ಉಡುಗಿತು. ಎಡತಿರುವು ಬಂತೆಂದರೆ ಸಾಕು, ಕಾರಿನ ಮೂತಿ ಒಳಗೆ ತಿರುಗದೆ ಹೊರಕ್ಕೆ ಜಾರುತ್ತಿತ್ತು. ಐದು ಸುತ್ತು ಹಾಕಿದರೂ ಒಂದು ನಿಮಿಷ ನಲವತ್ತೈದರ ಕೆಳಗೆ ಬರಲಿಲ್ಲ. ಅಣ್ಣ ಸ್ಟಾಪ್‌ವಾಚ್ ಹಿಡಿದು, ಅಕ್ಕಪಕ್ಕದವರಿಗೂ ಕೇಳಿಸುವಂತೆ ಹೇಳಿದ:

"ಬೇಜಾರಾಗ್ಬೇಡ. ಈ ಕಾರಿಗೆ ತೋಳಲ್ಲಿ ಬಲ ಬೇಕು. ಸಾಕು, ಕೀಲಿ ಕೊಡು."

ಅವಳು ಕೀಲಿಯನ್ನು ಜೇಬಿಗೆ ಹಾಕಿಕೊಂಡು ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತಳು. ಎಡತಿರುವಿನಲ್ಲಿ ಭಾರ ಹೊರುವ, ಡ್ರೈವರ್ ಕಡೆಯ ಮುಂದಿನ ಟೈರಿನ ಹೊರ ಅಂಚು ಮಾತ್ರ ಕೆರೆದುಹೋಗಿತ್ತು. ಆಚೆ ಕಡೆಯ ಟೈರು ಉದ್ದಗಲಕ್ಕೂ ಒಂದೇ ಸಮ ಸವೆದಿತ್ತು. ಅಂದರೆ ಈ ಚಕ್ರ ಒಳಕ್ಕೆ ವಾಲಬೇಕಾದಷ್ಟು ವಾಲಿಲ್ಲ. ಆದರೆ ಅಳೆದವಳು ತಾನೇ, ಮೂರು ಸಲ ಅಳೆದದ್ದು.

ಆಗ ಅವಳ ಕಣ್ಣು ಸಾಮಾನು ತಂದಿದ್ದ ವ್ಯಾನಿನಲ್ಲಿದ್ದ ಮರಳು ಚೀಲಗಳ ಮೇಲೆ ಬಿತ್ತು. ಕಾರಿನಲ್ಲಿ ಆಳು ಕೂತರೆ ಸ್ಪ್ರಿಂಗು ಕುಗ್ಗುತ್ತದೆ, ಚಕ್ರದ ವಾಲು ಬದಲಾಗುತ್ತದೆ. ಅದಕ್ಕೇ ಅಳೆಯುವಾಗ ಸೀಟಿನ ಮೇಲೆ ತೂಕ ಇಡುವುದು. ಇಪ್ಪತ್ತು ಕೆಜಿಯ ನಾಲ್ಕು ಚೀಲ, ಒಂದೊಂದರ ಮೇಲೂ ಅವಳದೇ ಕೈಬರಹದಲ್ಲಿ 'ಡ್ರೈವರ್'. ಒಟ್ಟು ಎಂಬತ್ತು. ಅಣ್ಣನ ತೂಕ.

ಅವಳ ತೂಕ ಐವತ್ತೆರಡು.

ದಾರದಕ್ಕನಿಗೆ ಮೈಯೆಲ್ಲ ಉರಿಯಿತು. ಸಿಟ್ಟು ಅಣ್ಣನ ಮೇಲಲ್ಲ, ತನ್ನ ಮೇಲೇ. ಓಡಿಸಿಯೇ ತೀರುತ್ತೇನೆಂದು ಹಟ ಹಿಡಿದವಳು, ಅಳೆಯುವ ಹೊತ್ತಿಗೆ ಯೋಚನೆಯೇ ಇಲ್ಲದೆ ಅಣ್ಣನನ್ನು ಎತ್ತಿ ಸೀಟಿನಲ್ಲಿ ಕೂರಿಸಿದ್ದಳು. ಆರು ವರ್ಷದ ರೂಢಿ ಎಂದರೆ ಇದೇ ಇರಬೇಕು.

"ಅಣ್ಣ, ನೆಲದ ಮೇಲೆ ಮಲಕ್ಕೋ."

"ಏನು?"

"ಚಕ್ರ ಮತ್ತೆ ಅಳೀಬೇಕು. ಚೀಲ ಇಟ್ಟಿದ್ದು ನಿನ್ನ ತೂಕಕ್ಕೆ. ತಪ್ಪು ನಂದೇ."

"ಹಾಗಾದ್ರೆ ಎರಡೂವರೆ ಚೀಲ ಇಟ್ಟು ನೀನೇ ಅಳ್ಕೋ."

"ಚೀಲ ಯಾಕೆ? ಓಡ್ಸೋಳು ನಾನೇ ಇದೀನಲ್ಲ," ಎಂದು ಸ್ಕೇಲನ್ನು ಅವನ ಕೈಗೆ ತುರುಕಿ, ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡಳು.

ಸುತ್ತ ನಾಲ್ಕು ಜನ ನೋಡುತ್ತಿದ್ದರು. ಓಡಿಸು ಎಂದು ಮಾತು ಕೊಟ್ಟಾಗಿತ್ತು, ಬೇರೆ ದಾರಿಯಿರಲಿಲ್ಲ. ಅಣ್ಣ ಮಲಗಿದ. ಚಕ್ರದ ವಾಲು ಸರಿ ಮಾಡಿದ್ದಾಯಿತು, ದಾರ ಕಟ್ಟಿದ್ದಾಯಿತು. ಅವನ ಮೀಸೆಗೆ ನಿಜವಾಗಿಯೂ ಮಣ್ಣು ಹತ್ತಿತು.

"ಹದಿನಾಲ್ಕು ಮಿಲಿಮೀಟರು," ಎಂದ ಕೆಳಗಿನಿಂದ.

"ಹದಿನಾಲ್ಕೇನಾ?"

"ಹದಿನಾಲ್ಕು ಚಿಲ್ರೆ."

"ಚಿಲ್ರೆ ಅಂದ್ರೆ ಎಷ್ಟು?"

ಸ್ಕೇಲು ಮತ್ತೆ ಚಕ್ರಕ್ಕೆ ತಾಗಿದ ಸದ್ದು. "ಅರ್ಧ."

"ಆ ಅರ್ಧ ಹೋಗೋವರೆಗೂ ಸ್ಟೀರಿಂಗ್ ರಾಡು ತಿರುಗ್ಸು."

ಹೀಗೆ ಮುಕ್ಕಾಲು ಗಂಟೆ. ಎದ್ದು ಬಂದಾಗ ಅವನು ಸೊಂಟ ಹಿಡಿದುಕೊಂಡಿದ್ದ. "ಪ್ರತಿ ಸಲಾನೂ ಹೀಗೇನಾ?" ಎಂದು ಮೆಲ್ಲಗೆ ಕೇಳಿದ.

"ಪ್ರತಿ ಸಲಾನೂ."

ಮಧ್ಯಾಹ್ನದ ಸರದಿಯಲ್ಲಿ ಅವಳು ಮತ್ತೆ ಟ್ರ್ಯಾಕಿಗಿಳಿದಳು. ಮೊದಲ ಎಡತಿರುವಿನಲ್ಲಿ ಸ್ಟೀರಿಂಗ್ ಹೊರಳಿಸಿದ್ದೇ ತಡ, ಕಾರು ಹೇಳಿದಲ್ಲಿಗೆ ಹೋಯಿತು. ಹೆಲ್ಮೆಟ್ಟಿನೊಳಗೆ ಅವಳು ಜೋರಾಗಿ ನಕ್ಕಳು. ತೋಳಲ್ಲಿ ಬಲ ಬೇಕಂತೆ. ಮುಂದಿನ ತಿರುವಿಗೆ ಬ್ರೇಕನ್ನು ಇನ್ನೂ ತಡವಾಗಿ ಒತ್ತಿದಳು.

ಇಳಿದು ಬಂದಾಗ ಅಣ್ಣ ಸ್ಟಾಪ್‌ವಾಚನ್ನೇ ನೋಡುತ್ತ ನಿಂತಿದ್ದ.

"ಒಂದು ನಿಮಿಷ ನಲವತ್ತೊಂದು ಚಿಲ್ರೆ," ಎಂದ.

"ಚಿಲ್ರೆ ಅಂದ್ರೆ ಎಷ್ಟು?"

"ಸೊನ್ನೆ ಪಾಯಿಂಟ್ ಎಂಟು," ಎಂದು ಒಪ್ಪಿಕೊಂಡ. ಆಮೇಲೆ, "ಉಳಿದ ಅರ್ಧ ದಿನ ನಂದು ತಾನೆ? ಈಗ ನನ್ನ ತೂಕಕ್ಕೆ ಯಾರು ಅಳೀತಾರೆ?"

"ನಾನೇ ಅಳೀತೀನಿ. ಚೀಲ ಇದಾವಲ್ಲ."

ಅವಳು ವ್ಯಾನಿನ ಹಿಂದೆ ಹೋಗಿ ಮಾರ್ಕರ್ ಪೆನ್ನು ಹುಡುಕಿದಳು. ನಾಲ್ಕೂ ಚೀಲಗಳ ಮೇಲಿದ್ದ 'ಡ್ರೈವರ್' ಅನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿ, ಕೆಳಗೆ 'ಅಣ್ಣ' ಎಂದು ಬರೆದಳು.